ಕಟ್ಟೆಯೆದುರು ನಿಂತ ಫಿಯೆಟ್

ಬೆಳುವಾಯಿಯಲ್ಲಿ ಬಸ್ಸಿಳಿದು ಮದುಮಗಳ ಕಾರು ಎಲ್ಲಿ ಎಂದು ಯಾರನ್ನು ಕೇಳಿದರೂ ಬೆರಳು ತೋರಿಸುವುದು ಒಂದೇ ಕಡೆಗೆ. ಪೇಟೆ ಮುಗಿದು ಗದ್ದೆ ಶುರುವಾಗುವಲ್ಲಿ ಒಂದು ಹಲಸಿನ ಮರ, ಮರದ ಪಕ್ಕ ತಗಡಿನ ಮಾಡು, ಮಾಡಿನ ಅಡಿಯಲ್ಲಿ ಎಳೆ ಬಾಳೆಯೆಲೆಯ ಬಣ್ಣದ ಒಂದು ಹಳೆಯ ಫಿಯೆಟ್. ಡಿಕ್ಕಿಯ ಮೇಲೆ ಬರೆದಿರುವ ಹೆಸರೇನೋ ಪ್ರೀಮಿಯರ್ ಪದ್ಮಿನಿ ಎಂದೇ. ಆದರೆ ಅದನ್ನು ಆ ಹೆಸರಿನಿಂದ ಕರೆಯುವವರು ಆರ್‌ಟಿಒ ಆಫೀಸಿನವರು ಮಾತ್ರ. ಕಾರಿನ ಪಕ್ಕದಲ್ಲಿ ಹಳೆ ಬನಿಯನ್ನಿನ ಚೂರು ಹಿಡಿದು, ಧೂಳಿಲ್ಲದ ಬಾನೆಟ್ಟನ್ನು ಮತ್ತೆ ಮತ್ತೆ ಒರಸುತ್ತ ನಿಂತಿರುವವನೇ ಸಂಕಪ್ಪ.

ಕಾರು ಮೊದಲು ಅವನದ್ದಾಗಿರಲಿಲ್ಲ. ಮೂಡುಬಿದಿರೆಯಲ್ಲಿ ಒಬ್ಬರು ಡಾಕ್ಟರಿದ್ದರು. ಅವರಿಗೆ ಡ್ರೈವರಾಗಿ ಸೇರಿದಾಗ ಸಂಕಪ್ಪನಿಗೆ ಮೀಸೆ ಸರಿಯಾಗಿ ಮೂಡಿರಲಿಲ್ಲ. ಡಾಕ್ಟರಿಗೆ ವಯಸ್ಸಾಗಿ ಕ್ಲಿನಿಕ್ಕಿನ ಬಾಗಿಲು ಹಾಕಿದ ದಿನ ಕೀಲಿಕೈಯನ್ನು ಇವನ ಅಂಗೈಯಲ್ಲಿಟ್ಟು, ಇದು ಬೇರೆಯವರ ಮಾತು ಕೇಳುವ ಕಾರಲ್ಲ, ನೀನೇ ಇಟ್ಟುಕೋ ಎಂದರಂತೆ. ಅಂದಿನಿಂದ ಅದು ಬಾಡಿಗೆ ಕಾರಾಯಿತು. ಮೊದಲ ಬಾಡಿಗೆಯೇ ಒಂದು ದಿಬ್ಬಣ. ಗುಡ್ಡೆಮನೆಯ ಮಗಳು ಶಶಿಪ್ರಭಾ ಮದುಮಗಳಾಗಿ ಬೆಳ್ತಂಗಡಿಗೆ ಹೋದದ್ದು ಈ ಕಾರಿನಲ್ಲಿ. ಹೆರಿಗೆಗೆ ತಾಯಿಮನೆಗೆ ಬಂದದ್ದೂ ಇದರಲ್ಲೇ. ಹುಟ್ಟಿದ ಮಗು ಸಾತ್ವಿಕಾ ಅಜ್ಜಿ ಸೇಸಮ್ಮನ ಕೈಯಡಿಯಲ್ಲಿ ಬೆಳುವಾಯಿಯಲ್ಲೇ ಬೆಳೆದು, ಇದೇ ಕಾರಿನ ಮುಂದಿನ ಸೀಟಿನಲ್ಲಿ ಕಾಲಾಡಿಸುತ್ತ ಮೂಡುಬಿದಿರೆಯ ಶಾಲೆಗೆ ಹೋಗಿ ಬಂದಳು. ಶಶಿಪ್ರಭಾಳ ಸಂಸಾರ ಚೆನ್ನಾಗಿ ನಡೆದದ್ದನ್ನು ನೋಡಿದ ಊರಿನವರು, ಸಂಕಪ್ಪನ ಕಾರಿನಲ್ಲಿ ಹೊರಟ ಹುಡುಗಿಗೆ ಗಂಡನ ಮನೆಯಲ್ಲಿ ಕಣ್ಣೀರಿಲ್ಲ ಎಂದು ತಾವೇ ಮಾತು ಕಟ್ಟಿಕೊಂಡರು. ಆಮೇಲೆ ಎಷ್ಟು ಮದುಮಗಳಂದಿರು ಆ ಹಿಂದಿನ ಸೀಟಿನಲ್ಲಿ ಮಲ್ಲಿಗೆಯ ಎಸಳು ಉದುರಿಸಿ ಹೋದರೋ ಸಂಕಪ್ಪನೇ ಲೆಕ್ಕ ಇಟ್ಟಿಲ್ಲ.

ಕಾರಿಗೆ ಇನ್ನೊಂದು ಕೀರ್ತಿಯೂ ಇತ್ತು. ಬೆಳುವಾಯಿಯಿಂದ ಮೂಡುಬಿದಿರೆಗೆ ಹೋಗುವಾಗ ಒಂದು ಏರು ಸಿಗುತ್ತದೆ. ಏರಿನ ತಲೆಯಲ್ಲಿ, ದೊಡ್ಡ ಮರದ ಕೆಳಗೆ, ಊರಿನ ದೈವದ ಕಟ್ಟೆ. ದಾರಿಯಲ್ಲಿ ಸಿಗುವ ಉಳಿದ ದೇವರುಗಳಿಗೆಲ್ಲ ಸಂಕಪ್ಪ ಹಾರ್ನಿನಲ್ಲೇ ನಮಸ್ಕಾರ ಮುಗಿಸುತ್ತಿದ್ದ. ಈ ಕಟ್ಟೆಗೆ ಮಾತ್ರ ಹಾಗಲ್ಲ. ಗೇರು ನ್ಯೂಟ್ರಲಿಗೆ ತಂದು, ಕಾರನ್ನು ನಡಿಗೆಯ ವೇಗಕ್ಕೆ ಇಳಿಸಿ, ಎಡಗೈಯನ್ನು ಸ್ಟೇರಿಂಗಿನಲ್ಲಿಟ್ಟು ಬಲಗೈಯನ್ನು ಎದೆಗೂ ಹಣೆಗೂ ಮುಟ್ಟಿಸುತ್ತಿದ್ದ. ಅದೇ ಹೊತ್ತಿಗೆ ಕಾರು ಬ್ರುಂ, ಬ್ರುಂ, ಬ್ರುಂ ಎಂದು ಮೂರು ಸಲ ಗುಟುರು ಹಾಕುತ್ತಿತ್ತು. ಕಾರೂ ಕೈಮುಗಿಯಿತು ಎಂದು ಒಳಗೆ ಕುಳಿತವರು ನಗುತ್ತಿದ್ದರು. ಶಾಲೆಗೆ ಹೋಗುವ ಕಾಲದಲ್ಲಿ ಸಾತ್ವಿಕಾ ಆ ಮೂರು ಗುಟುರಿಗೆ ತನ್ನ ಬಾಯಿಯನ್ನೂ ಸೇರಿಸುತ್ತಿದ್ದಳು. ಅದು ಕಾರಿನ ಗುಣ ಎಂದೇ ಎಲ್ಲರ ಎಣಿಕೆ. ಸಂಕಪ್ಪನ ಎಣಿಕೆಯೂ ಅದೇ.

ಹೀಗೆ ನಡೆಯುತ್ತಿದ್ದ ಕಾರಿಗೆ ಈಚೆಗೆ ಸೀಕು ಹಿಡಿಯಿತು. ಬಿಸಿಯಾದರೆ ನಿಲ್ಲುವುದು, ಜಂಕ್ಷನ್ನಿನಲ್ಲಿ ಕಾಲು ತೆಗೆದರೆ ನಿಲ್ಲುವುದು, ಸುಮ್ಮನೆ ಹೋಗುತ್ತಿದ್ದಾಗಲೂ ಕೆಮ್ಮಿ ನಿಲ್ಲುವುದು. ಎಂಜಿನ್ನಿನ ಪಕ್ಕದ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಬಾಟ್ಲಿಯಲ್ಲಿ ನೀರಿಟ್ಟುಕೊಂಡು ಸಂಕಪ್ಪ ದಿನ ದೂಡಿದ. ಆದರೆ ಕಳೆದ ಸೆಕೆಗಾಲದಲ್ಲಿ ಮದುಮಗಳೊಬ್ಬಳನ್ನು ಕೂರಿಸಿಕೊಂಡು ಹೋಗುವಾಗ ಮೂಡುಬಿದಿರೆ ಪೇಟೆಯ ನಟ್ಟನಡುವೆ ಕಾರು ಮಲಗಿಬಿಟ್ಟಿತು. ಮುಹೂರ್ತ ತಪ್ಪೀತೆಂದು ಹುಡುಗಿಯ ಕಡೆಯವರು ಅವಳನ್ನು ರಿಕ್ಷಾದಲ್ಲಿ ಹತ್ತಿಸಿದರು. ಮದುಮಗಳು ಸೀರೆಯ ನೆರಿಗೆ ಹಿಡಿದುಕೊಂಡು ರಿಕ್ಷಾ ಹತ್ತಿದ್ದನ್ನು ಇಡೀ ಪೇಟೆ ನೋಡಿತು. ಯಾರೂ ಸಂಕಪ್ಪನಿಗೆ ಒಂದು ಮಾತು ಅನ್ನಲಿಲ್ಲ. ಆದರೆ ಆಮೇಲೆ ಅವನನ್ನು ದಿಬ್ಬಣಕ್ಕೆ ಕರೆದವರೂ ಇಲ್ಲ.

ಹಾಗಿರುವಾಗ ಒಂದು ಸಂಜೆ ಸಾತ್ವಿಕಾ ಹಲಸಿನ ಮರದ ಬುಡಕ್ಕೆ ಬಂದಳು. ಈಗ ಅವಳು ಬೆಳ್ತಂಗಡಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ನರಿಕೊಂಬಿನ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು, ಮೂಡುಬಿದಿರೆಯ ಹಾಲ್ ಬುಕ್ ಆಗಿತ್ತು. ಸಂಕಪ್ಪನ ಹೆಂಡತಿ ಸುಂದರಿ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದಳು. ಅವಳ ಪಕ್ಕದಲ್ಲೇ ಕುಳಿತು ಸಾತ್ವಿಕಾ ಹೇಳಿದಳು:

"ಸಂಕಪ್ಪ ಮಾಮ, ನಾನು ಸಣ್ಣದಿರುವಾಗಲೇ ಹೇಳಿ ಇಟ್ಟದ್ದು ನೆನಪುಂಟಲ್ಲ? ನನ್ನ ಮದುವೆಗೆ ಇದೇ ಕಾರು."

ಸಂಕಪ್ಪ ಬನಿಯನ್ನಿನ ಚೂರನ್ನು ಮಡಚಿದ, ಬಿಡಿಸಿದ. ಕಾರು ಮೊದಲಿನ ಹಾಗೆ ಇಲ್ಲ ಮಗಾ, ನಿಮ್ಮ ಮಸ್ಕತ್ತಿನ ಮಾವನ ದೊಡ್ಡ ಕಾರು ಉಂಟಲ್ಲ ಎಂದ. ಉಂಟು, ಅದರಲ್ಲಿ ಮಾವ ಬರಲಿ ಎಂದಳು ಹುಡುಗಿ.

ಮಸ್ಕತ್ತಿನ ಮಾವ ಎಂದರೆ ಸೇಸಮ್ಮನ ಮಗ, ಶಶಿಪ್ರಭಾಳ ಅಣ್ಣ. ಮನೆಯ ಯಜಮಾನಿಕೆ ಅವನದು. ದಾರಿಯಲ್ಲಿ ನಿಲ್ಲುವ ಡಬ್ಬಾದಲ್ಲಿ ನಮ್ಮ ಹುಡುಗಿಯನ್ನು ಕೂರಿಸಿ ಊರಿನವರ ಬಾಯಿಗೆ ಯಾಕೆ ಬೀಳಬೇಕು ಎಂದು ಅವನ ವಾದ. ಅದು ತಪ್ಪೂ ಅಲ್ಲ. ಮದುಮಗಳು ಅರ್ಧದಾರಿಯಲ್ಲಿ ಇಳಿದರೆ ಗಂಡಿನ ಕಡೆಯ ನಾಲ್ಕು ಹೆಂಗಸರು ಅದಕ್ಕೆ ಹತ್ತು ಅರ್ಥ ಹಚ್ಚುತ್ತಾರೆ, ಹುಡುಗಿ ಅದನ್ನು ಜನ್ಮವಿಡೀ ಕೇಳಬೇಕಾಗುತ್ತದೆ. ಕೊನೆಗೆ ಸೇಸಮ್ಮ ನಡುವೆ ಬಂದು ತೀರ್ಮಾನ ಹೇಳಿದರು: ಸಂಕಪ್ಪ ಕಾರನ್ನು ಸಮ ಮಾಡಿಸಲಿ, ಮದುವೆಗೆ ಮೊದಲು ನಿಲ್ಲದೆ ಓಡಿದರೆ ಅದೇ ಕಾರು, ಒಮ್ಮೆ ನಿಂತಿತೆಂದರೂ ಮಗನ ಕಾರು.

ಮರುದಿನ ಬೆಳಿಗ್ಗೆಯೇ ಸಂಕಪ್ಪ ಸಿದ್ಧಕಟ್ಟೆಯ ದಾರಿ ಹಿಡಿದು ಬಿ.ಸಿ.ರೋಡಿಗೆ ಹೋದ. ಅಲ್ಲಿ ಹೈವೇಯ ಬದಿಯಲ್ಲಿ ಫರ್ಹಾನಳ ಗ್ಯಾರೇಜು. ಗ್ಯಾರೇಜು ಕಟ್ಟಿದ್ದು ಅವಳ ತಂದೆ. ಅವರಿಗೆ ಮಂಡಿ ಹಿಡಿದುಕೊಂಡ ಮೇಲೆ ಮಗಳು ತಲೆಗೆ ಶಾಲು ಬಿಗಿದು ಸ್ಪಾನರ್ ಹಿಡಿದವಳು ಇನ್ನೂ ಬಿಟ್ಟಿಲ್ಲ. ಅವಳು ಬಾನೆಟ್ ಎತ್ತಿ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕುಡಿಸುವ ಕಾರ್ಬೊರೇಟರಿನ ಮುಚ್ಚಳ ಬಿಚ್ಚಿ, ಒಳಗೆ ಬೆರಳು ಹಾಕಿ ನೋಡಿದಳು. ಈಗಿನ ಪೆಟ್ರೋಲಿಗೆ ಸ್ಪಿರಿಟ್ ಬೆರೆಸುತ್ತಾರೆ, ಹಳೆಯ ಕಾಲದ ರಬ್ಬರು ಅದನ್ನು ತಾಳುವುದಿಲ್ಲ. ಒಳಗಿನ ಪೊರೆಯೆಲ್ಲ ಉಬ್ಬಿ ಹಲಸಿನ ಸೊಳೆಯ ಹಾಗಾಗಿತ್ತು. ಎಕ್ಸಿಲೇಟರ್ ತುಳಿದಾಗ ಪೆಟ್ರೋಲು ಚಿಮ್ಮಿಸಬೇಕಾದ ಸಣ್ಣ ಪಂಪಂತೂ ಎಷ್ಟೋ ವರ್ಷದ ಹಿಂದೆಯೇ ಸತ್ತಿತ್ತು. ಇಷ್ಟು ದಿನ ಓಡಿದ್ದೇ ಹೆಚ್ಚು ಎಂದಳು.

"ಇದನ್ನು ಇನ್ನು ರಿಪೇರಿ ಮಾಡಿ ಪ್ರಯೋಜನ ಇಲ್ಲ ಸಂಕಪ್ಪಣ್ಣ. ಮಾರುತಿ ಎಂಟ್ನೂರರದ್ದು ಒಂದು ನನ್ನ ಹತ್ರ ಉಂಟು, ಅದನ್ನು ಕೂರಿಸುವ. ಎರಡು ಬಾಯಿಯದ್ದು. ಆರಾಮಕ್ಕೆ ಹೋಗುವಾಗ ಒಂದು ಬಾಯಿ, ಏರು ಹತ್ತುವಾಗ ಎರಡನೆಯದೂ ತೆರೀತದೆ. ನಿಮ್ಮ ಕಾರು ಮತ್ತೆ ಹುಡುಗ ಆಗ್ತದೆ ನೋಡಿ."

ಸಂಕಪ್ಪನ ಮುಖ ಸಣ್ಣದಾಯಿತು. ಡಾಕ್ಟರು ಮುಟ್ಟಿದ ಕಾರು, ಹೊಸದಾಗಿ ಬಂದಾಗ ಕಟ್ಟೆಯ ಮುಂದೆ ನಿಲ್ಲಿಸಿ ಗಂಧಪ್ರಸಾದ ಹಚ್ಚಿಸಿದ ಕಾರು. ಅದಕ್ಕೆ ಬೇರೆ ಕಾರಿನ ಗಂಟಲು ಜೋಡಿಸುವುದೇ? ಅವನು ಹೊರಗೆ ಹೋಗಿ ಒಂದು ಚಾ ಕುಡಿದ, ಹೈವೇಯಲ್ಲಿ ಹೋಗುವ ಬಸ್ಸುಗಳನ್ನು ನೋಡಿದ. ಸಾತ್ವಿಕಾ ಜಗಲಿಯಲ್ಲಿ ಕುಳಿತು ಕೇಳಿದ್ದು ನೆನಪಾಯಿತು. ಒಳಗೆ ಬಂದು ಆಗಲಿ ಎಂದ.

ಕೆಲಸ ಸುಲಭದ್ದಾಗಿರಲಿಲ್ಲ. ಹೊಸದರ ಬೋಲ್ಟುಗಳಿಗೂ ಹಳೆಯ ಎಂಜಿನ್ನಿನ ತೂತುಗಳಿಗೂ ಹೊಂದಿಕೆಯೇ ಇಲ್ಲ. ಫರ್ಹಾನ ದಪ್ಪ ಅಲ್ಯೂಮಿನಿಯಂ ತುಂಡೊಂದನ್ನು ಲೇಥಿನಲ್ಲಿ ಕೊರೆಸಿ, ಎಂಜಿನ್ನಿಗೂ ಕಾರ್ಬೊರೇಟರಿಗೂ ನಡುವೆ ಕೂರುವ ಪ್ಲೇಟು ಮಾಡಿಸಿದಳು. ಪ್ಲೇಟಿನ ಮೇಲೊಂದು ಕೆಳಗೊಂದು ಗಾಳಿ ಹೋಗದ ಹಾಗೆ ಪ್ಯಾಕಿಂಗ್ ಬೇಕು. ಅಂಥ ಬೆರಕೆ ಆಕಾರದ್ದು ಯಾವ ಅಂಗಡಿಯಲ್ಲೂ ಇರಲಿಲ್ಲ. ಸಂಕಪ್ಪ ಪ್ಯಾಕಿಂಗ್ ಹಾಳೆಯನ್ನೂ ಪ್ಲೇಟನ್ನೂ ಚೀಲದಲ್ಲಿ ಹಾಕಿ ಮನೆಗೆ ತಂದ. ಸುಂದರಿ ತಗಡಿನ ಅಚ್ಚು ಇಟ್ಟು ಬೀಡಿ ಎಲೆ ಕತ್ತರಿಸಿದ ಹಾಗೆಯೇ, ಪ್ಲೇಟನ್ನು ಹಾಳೆಯ ಮೇಲಿಟ್ಟು, ತನ್ನ ಬೀಡಿ ಕತ್ತರಿಯಿಂದ ಅಂಚು ಬಿಡದೆ ಕತ್ತರಿಸಿ ಕೊಟ್ಟಳು. ಫರ್ಹಾನ ಅದನ್ನು ಬೆಳಕಿಗೆ ಹಿಡಿದು ನೋಡಿ, ಇನ್ನು ಮುಂದೆ ನನ್ನ ಪ್ಯಾಕಿಂಗೆಲ್ಲ ಬೆಳುವಾಯಿಯಿಂದಲೇ ಬರಲಿ ಎಂದಳಂತೆ.

ಎಲ್ಲ ಜೋಡಿಸಿ, ಸ್ಕ್ರೂ ತಿರುಗಿಸಿ ಎಂಜಿನ್ನನ್ನು ಹದಕ್ಕೆ ತಂದ ಮೇಲೆ ಫರ್ಹಾನ ಅರ್ಧ ಗ್ಲಾಸು ಚಾ ತಂದು ಓಡುತ್ತಿದ್ದ ಎಂಜಿನ್ನಿನ ಮೇಲಿಟ್ಟಳು. ಗ್ಲಾಸು ಅಲುಗಲಿಲ್ಲ. ಚಾದ ಕೆನೆ ಒಡೆಯಲಿಲ್ಲ. ಸಂಕಪ್ಪ ಆ ಚಾವನ್ನು ಅಲ್ಲೇ ನಿಂತು ಕುಡಿದ. ಹಳೆಯ ಕಾರ್ಬೊರೇಟರನ್ನು ಬನಿಯನ್ನಿನ ಚೂರಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟುಕೊಂಡು ಹೊರಟ. ದಾರಿಯಿಡೀ ಕಾರು ಕೆಮ್ಮಲಿಲ್ಲ. ಬಂಟ್ವಾಳ ಪೇಟೆಯ ಇಕ್ಕಟ್ಟಿನಲ್ಲಿ ನಿಲ್ಲಲಿಲ್ಲ. ಹಿಂದೆ ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತ ಹತ್ತುತ್ತಿದ್ದ ತಿರುವುಗಳನ್ನು ಮೂರನೇ ಗೇರಿನಲ್ಲೇ ದಾಟಿತು. ಮೂಡುಬಿದಿರೆಯಲ್ಲಿ ನಿಲ್ಲಿಸಿ ಸುಂದರಿಗೆ ಹೋಳಿಗೆ ಕಟ್ಟಿಸಿಕೊಂಡ. ಅಷ್ಟು ಸಂತೋಷ.

ಕಟ್ಟೆಯ ಹತ್ತಿರ ಬಂದ. ನ್ಯೂಟ್ರಲಿಗೆ ಹಾಕಿದ. ಬಲಗೈ ಎದೆಗೆ, ಹಣೆಗೆ ಹೋಯಿತು. ಕಾರು ಬ್ರುಂ ಎಂದಿತು, ಆಮೇಲೆ ಏನೋ ಗಂಟಲಿಗೆ ಸಿಕ್ಕಿದ ಹಾಗೆ ಗುಳಕ್ಕೆಂದಿತು, ನಿಂತಿತು.

ಸ್ವಲ್ಪ ಹೊತ್ತು ಕಾದು ಕೀ ತಿರುಗಿಸಿದರೆ ಏನೂ ಆಗದವರ ಹಾಗೆ ಹೊರಟಿತು. ಹೊಸತಲ್ಲವೇ, ಹೊಂದಿಕೊಳ್ಳಲಿ ಎಂದುಕೊಂಡ. ಮರುದಿನ ಮೂಡುಬಿದಿರೆಗೆ ಹೋಗುವಾಗ ಮತ್ತೆ ಕಟ್ಟೆಯೆದುರೇ ನಿಂತಿತು. ಬರುವಾಗಲೂ. ಉಳಿದ ಕಡೆ ಎಲ್ಲೂ ಇಲ್ಲ. ಜಂಕ್ಷನ್ನಿನಲ್ಲಿಲ್ಲ, ಹಂಪಿನಲ್ಲಿಲ್ಲ, ಬಿರುಬಿಸಿಲಿನಲ್ಲಿ ಬಸ್‌ಸ್ಟ್ಯಾಂಡಿನ ಮುಂದೆ ಕಾಯಿಸಿದರೂ ಇಲ್ಲ. ಆ ಒಂದು ಜಾಗದಲ್ಲಿ ಮಾತ್ರ, ಅದೂ ನಮಸ್ಕಾರ ಮಾಡುವ ಹೊತ್ತಿಗೇ. ಕಟ್ಟೆಯ ಹತ್ತಿರದ ಅಂಗಡಿಯಲ್ಲಿ ಕುಳಿತವರು ಇದನ್ನು ನೋಡದೆ ಇರುತ್ತಾರೆಯೇ? ಮೊದಲೆಲ್ಲ ಕೈಮುಗಿಯುತ್ತಿದ್ದ ಕಾರು ಈಗ ಮುಷ್ಕರ ಹೂಡಿದೆ ಎಂದು ಒಬ್ಬರು ನಗೆಯಾಡಿದರು. ಇನ್ನೊಬ್ಬರು ನಗಲಿಲ್ಲ. ಪ್ರಸಾದ ಹಚ್ಚಿದ ವಸ್ತುವನ್ನು ಕೇಳದೆ ಕಿತ್ತು ಹಾಕಿದರೆ ದೈವಕ್ಕೆ ಸಿಟ್ಟು ಬಾರದೇ ಎಂದರು. ಮಾತು ಗುಡ್ಡೆಮನೆಗೆ ಹೋಗಿ ಮುಟ್ಟಲು ಎಷ್ಟು ಹೊತ್ತು ಬೇಕು?

ಸಂಕಪ್ಪ ಫರ್ಹಾನಳಿಗೆ ಫೋನು ಮಾಡಿದ. ಅವಳು ಕೆಲಸ ಬಿಟ್ಟು ಬಸ್ಸು ಹತ್ತಿ ಬಂದಳು. ಸ್ವತಃ ಕಾರು ಬಿಟ್ಟಳು; ಏರು ಹತ್ತಿ, ಕಟ್ಟೆಯೆದುರು ನಿಧಾನ ಮಾಡಿ, ನಿಲ್ಲಿಸಿ, ಮತ್ತೆ ಹೊರಟು, ತಿರುಗಿಸಿ ತಂದಳು. ಕಾರು ಒಮ್ಮೆಯೂ ನಿಲ್ಲಲಿಲ್ಲ. ಈಗ ನೀವು ಬಿಡಿ ಎಂದು ಪಕ್ಕಕ್ಕೆ ಸರಿದು, ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾನೆಟ್ಟಿಗೆ ಕಿವಿ ಕೊಟ್ಟು ಕುಳಿತಳು. ಸಂಕಪ್ಪ ಬಿಟ್ಟ. ಕಟ್ಟೆಯೆದುರು ಗುಳಕ್. ಬಾನೆಟ್ ಎತ್ತಿದರೆ ಪೆಟ್ರೋಲಿನ ನಾತ. ಬೇಡದಷ್ಟು ಕುಡಿದಿದೆ ಎಂದಳು, ಯಾಕೆ ಕುಡಿಯಿತು ಎಂದು ಹೇಳಲು ಅವಳಿಂದಾಗಲಿಲ್ಲ. ಅವಳ ಮುಖವೂ ಬಾಡಿತು.

"ನಿಮ್ಮ ದೈವದ ವಿಷಯ ನಾನು ಮಾತಾಡುವುದಿಲ್ಲ ಸಂಕಪ್ಪಣ್ಣ. ಆದ್ರೆ ನನ್ನ ಕೆಲಸದಲ್ಲಿ ತಪ್ಪಿದ್ದಿದ್ರೆ ನನ್ನ ಕೈಯಲ್ಲೂ ನಿಲ್ಲಬೇಕಿತ್ತು."

ಅದೇ ಮಾತು ಸಂಕಪ್ಪನನ್ನು ತಿಂದದ್ದು. ಅವಳು ಬಿಟ್ಟರೆ ಓಡುತ್ತದೆ, ತಾನು ಬಿಟ್ಟರೆ ನಿಲ್ಲುತ್ತದೆ. ಹಾಗಾದರೆ ಸಿಟ್ಟು ಕಾರಿನ ಮೇಲಲ್ಲ, ಕಾರ್ಬೊರೇಟರಿನ ಮೇಲೂ ಅಲ್ಲ, ತನ್ನ ಮೇಲೆ. ಜಗಲಿಯಲ್ಲಿ ಕುಳಿತು ಅವನು ತನ್ನ ಆಯುಷ್ಯವನ್ನೇ ತಿರುವಿ ಹಾಕಿದ. ಹೇಳಿಕೊಂಡು ಒಪ್ಪಿಸದ ಹರಕೆ ಏನಾದರೂ ಉಂಟೇ? ಕಟ್ಟೆಯ ಮುಂದೆ ಚಪ್ಪಲಿ ಹಾಕಿಕೊಂಡೇ ಕೈಮುಗಿದದ್ದು ತಪ್ಪಾಯಿತೇ? ಪ್ಯಾಕಿಂಗಿನಲ್ಲಿ ಏನಾದರೂ ಸಂದು ಬಿಟ್ಟಿದೆಯೋ ಎಂದು ಸುಂದರಿಯನ್ನು ಕೇಳಿಯೂ ಬಿಟ್ಟ. ಸುಂದರಿ ಕತ್ತರಿಯನ್ನು ಕೆಳಗಿಟ್ಟಳು.

"ನನ್ನ ಪ್ಯಾಕಿಂಗಿನಲ್ಲಿ ಗಾಳಿ ಹೋದ್ರೆ ಊರಿಡೀ ನಿಲ್ಲಬೇಕಲ್ಲ. ಕಟ್ಟೆ ಬಂತು, ಇನ್ನು ಗಾಳಿ ಬಿಡುವ ಅಂತ ಪ್ಯಾಕಿಂಗಿಗೆ ಗೊತ್ತಾಗ್ತದಾ?"

ಅವಳು ಹೇಳಿದ್ದು ಸರಿಯೇ. ಸರಿಯಾದದ್ದರಿಂದಲೇ ಅವನಿಗೆ ಇನ್ನಷ್ಟು ಭಯವಾಯಿತು. ಹಳೆಯ ಕಾರ್ಬೊರೇಟರನ್ನು ಡಿಕ್ಕಿಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡ. ಅದನ್ನೇ ಮತ್ತೆ ಕೂರಿಸಿದರೆ ಕಾರು ಎಲ್ಲಿ ಬೇಕಾದರೂ ನಿಂತೀತು. ಹೊಸದನ್ನೇ ಬಿಟ್ಟರೆ ದೈವದ ಮುಂದೆಯೇ ನಿಲ್ಲುತ್ತದೆ, ಮದುಮಗಳನ್ನು ಕೂರಿಸಿಕೊಂಡು. ಎರಡರಲ್ಲಿ ಯಾವುದಾದರೂ ಹುಡುಗಿಯ ಹಣೆಗೆ ಬಂದು ಅಂಟಿಕೊಳ್ಳುತ್ತದೆ. ತನ್ನ ಆಸೆಗೆ ಅವಳ ಬಾಳಿನ ಮೊದಲ ದಿನವನ್ನು ಒತ್ತೆಯಿಡುವುದೇ?

ಮದುವೆಗೆ ಇನ್ನು ಕೆಲವೇ ದಿನಗಳಿರುವಾಗ ಅವನು ಗುಡ್ಡೆಮನೆಗೆ ಹೋದ. ಅಂಗಳದಲ್ಲಿ ಚಪ್ಪರದ ಕಂಬ ಹುಗಿಯುತ್ತಿದ್ದರು. ಮಸ್ಕತ್ತಿನ ಮಾವ ಇವನನ್ನು ನೋಡಿ, ಜೋಯಿಸರ ಹತ್ತಿರ ಒಂದು ಪ್ರಶ್ನೆ ಇಟ್ಟು ಕೇಳುವುದು ಒಳ್ಳೆಯದಿತ್ತು ಸಂಕಪ್ಪಣ್ಣ, ಏನಿದ್ದರೂ ಮದುವೆ ಕಳೆಯಲಿ ಎಂದ. ವ್ಯಂಗ್ಯವಾಗಿ ಹೇಳಿದ್ದಲ್ಲ, ಅವನಿಗೂ ಮನಸ್ಸಿನಲ್ಲಿ ಅಳುಕಿತ್ತು. ಸಂಕಪ್ಪ ನೇರ ಸೇಸಮ್ಮನ ಮುಂದೆ ನಿಂತು, ನನ್ನ ಕಾರು ಬೇಡ, ನೀವೇ ಮಗುವಿಗೆ ಹೇಳಿಬಿಡಿ ಎಂದ.

ಸೇಸಮ್ಮನಿಗೆ ಎಂಬತ್ತು ದಾಟಿದೆ. ಕಿವಿ ಚುರುಕು, ನಾಲಗೆ ಇನ್ನೂ ಚುರುಕು. ಅವರು ಎಲೆಯಡಿಕೆಯ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. ಹೇಳುವುದೆಲ್ಲ ಆಮೇಲೆ, ನನಗೆ ಮೂಡುಬಿದಿರೆಯಲ್ಲಿ ಬಳೆ ಇಡಿಸಿಕೊಳ್ಳಲಿಕ್ಕುಂಟು, ನಡಿ ಎಂದರು. ಕಾರಿನ ಮುಂದಿನ ಸೀಟಿನಲ್ಲಿ ಅವನ ಪಕ್ಕವೇ ಕುಳಿತರು. ಈ ಕಾರಿನಲ್ಲಿ ಮುಂದಿನ ಸೀಟು ಒಂದೇ ಉದ್ದದ ಬೆಂಚು, ಗೇರು ಸ್ಟೇರಿಂಗಿನ ಪಕ್ಕದಲ್ಲಿ, ಹಾಗಾಗಿ ನಡುವೆ ಅಡ್ಡ ಏನೂ ಇಲ್ಲ.

ದಾರಿಯಲ್ಲಿ ಸೇಸಮ್ಮ ಎಲೆಗೆ ಸುಣ್ಣ ಹಚ್ಚಲು ಹೊರಟರು. ಏರಿನ ತಿರುವಿನಲ್ಲಿ ಸುಣ್ಣದ ಡಬ್ಬಿ ಕೈಜಾರಿ ಕೆಳಗೆ ಬಿತ್ತು, ಉರುಳುತ್ತ ಸಂಕಪ್ಪನ ಕಾಲಿನ ಕಡೆಗೆ ಹೋಯಿತು. ಕಟ್ಟೆ ಹತ್ತಿರ ಬರುತ್ತಿತ್ತು. ಅಜ್ಜಿ ಸೊಂಟ ಬಗ್ಗಿಸಿ, ಡ್ಯಾಶಿನ ಕೆಳಗೆ ತಲೆ ತೂರಿಸಿ ಡಬ್ಬಿ ಹುಡುಕತೊಡಗಿದರು. ಸಂಕಪ್ಪ ನ್ಯೂಟ್ರಲಿಗೆ ಹಾಕಿದ. ಅವನ ಬಲಗೈ ಎದೆಗೆ ಹೋಯಿತು.

ಬ್ರುಂ, ಗುಳಕ್. ಕಾರು ನಿಂತಿತು. ಸೇಸಮ್ಮ ಡಬ್ಬಿಯನ್ನು ಹಿಡಿದುಕೊಂಡು ಮೇಲೆ ಬಂದರು. ಅವರ ಮುಖದ ತುಂಬ ಆಶ್ಚರ್ಯ.

"ಸಂಕಪ್ಪ, ನಿನ್ನ ಕಾಲು ಎಂತ ಮಾಡ್ತದೆ?"

"ಕಾಲು ಎಂತ ಮಾಡ್ತದೆ? ಕಾಲು ಸುಮ್ಮನೆ ಉಂಟು."

"ಸುಮ್ಮನೆ ಉಂಟಾ? ಹೊಲಿಗೆ ಮಿಷನು ತುಳಿದ ಹಾಗೆ ತುಳಿಯಿತಲ್ಲ ಮಾರಾಯ. ನಾನೆಂತ ಕುರುಡಿಯಾ? ಮೂಗಿನ ಎದುರೇ ಉಂಟು ನಿನ್ನ ಕಾಲು."

ಸಂಕಪ್ಪ ಒಪ್ಪಲಿಲ್ಲ. ಅಜ್ಜಿ ಬಿಡಲಿಲ್ಲ. ಕಾರು ತಿರುಗಿಸು, ಇನ್ನೊಮ್ಮೆ ಬರುವ ಎಂದರು. ಅವನು ಇಳಿಜಾರಿನ ಬುಡಕ್ಕೆ ಹೋಗಿ ತಿರುಗಿಸಿಕೊಂಡು ಬಂದ. ಈ ಸಲ ಕಟ್ಟೆಯೆದುರು ಕೈಯನ್ನು ಹಣೆಗೆ ಒಯ್ಯುತ್ತ ಕಣ್ಣನ್ನು ಮಾತ್ರ ಕೆಳಗೆ ಬಿಟ್ಟಿದ್ದ. ಆಗ ಕಂಡಿತು. ಕೈ ಮೇಲೆ ಹೋದ ಕೂಡಲೇ ಬಲಗಾಲು, ತನ್ನದಲ್ಲವೇನೋ ಎಂಬ ಹಾಗೆ, ಎಕ್ಸಿಲೇಟರನ್ನು ಪಟ ಪಟ ಪಟ ಎಂದು ಮೂರು ಸಲ ತುಳಿಯಿತು.

ಹಳೆಯ ಕಾರ್ಬೊರೇಟರಿನ ಕಾಲದಲ್ಲಿ ಏರು ಹತ್ತಿದ ಬಿಸಿಗೆ, ನ್ಯೂಟ್ರಲಿಗೆ ಹಾಕಿದ ಕೂಡಲೇ ಎಂಜಿನ್ನು ಸಾಯಲು ನೋಡುತ್ತಿತ್ತು. ಮೂರು ಸಲ ತುಳಿದರೆ ಮಾತ್ರ ಜೀವ ಹಿಡಿಯುತ್ತಿತ್ತು. ನಮಸ್ಕಾರವನ್ನೂ ಬಿಡಲಾಗದು, ಎಂಜಿನ್ನನ್ನೂ ಬಿಡಲಾಗದು. ಹಾಗೆ ವರ್ಷಾನುಗಟ್ಟಲೆ ಕೈಯೂ ಕಾಲೂ ಜೊತೆಯಾಗಿ ಕೆಲಸ ಮಾಡಿ, ಕೊನೆಗೆ ಯಜಮಾನನಿಗೇ ತಿಳಿಸದೆ ತಮ್ಮೊಳಗೆ ಒಪ್ಪಂದ ಮಾಡಿಕೊಂಡಿದ್ದವು. ಊರಿಗೆ ಅದು ಕಾರಿನ ನಮಸ್ಕಾರ.

ಅಲ್ಲಿಂದಲೇ ಫರ್ಹಾನಳಿಗೆ ಫೋನು ಹೋಯಿತು. ಅವಳು ಆ ತುದಿಯಲ್ಲಿ ಉಸಿರು ಸಿಕ್ಕದಷ್ಟು ನಕ್ಕಳು. ಹಳೆಯದರಲ್ಲಿ ಪೆಟ್ರೋಲು ಚಿಮ್ಮಿಸುವ ಪಂಪು ಸತ್ತೇ ಹೋಗಿತ್ತಲ್ಲ, ಎಷ್ಟು ತುಳಿದರೂ ಗಾಳಿಯೇ ಹೆಚ್ಚು ಹೋಗುತ್ತಿತ್ತು. ಹೊಸದರ ಪಂಪು ಜೀವಂತ ಉಂಟು. ಪ್ರತಿ ತುಳಿತಕ್ಕೂ ಒಂದೊಂದು ಗುಟುಕು ಕುಡಿಸುತ್ತದೆ. ಹೊಟ್ಟೆ ತುಂಬಿದ ಮಗುವಿಗೆ ಮೂಗು ಹಿಡಿದು ಮತ್ತೆ ಮೂರು ಚಮಚ ಹಾಲು ಹೊಯ್ದರೆ ಏನಾಗುತ್ತದೆ, ಅದೇ ಆದದ್ದು ಎಂದಳು. ತುಳಿಯದಿದ್ದರೆ ಸಾಕು, ಬೇರೆ ಏನೂ ಬೇಡ.

ದೈವಕ್ಕೆ ತನ್ನ ಮೇಲೆ ಸಿಟ್ಟಿಲ್ಲ ಎಂದು ಗೊತ್ತಾದಾಗ ಸಂಕಪ್ಪ ಸ್ಟೇರಿಂಗಿಗೆ ಹಣೆಯಿಟ್ಟ. ಸೇಸಮ್ಮ ಕಿಟಕಿಯ ಹೊರಗೆ ನೋಡುತ್ತ ಎಲೆ ಜಗಿದರು. ಅವನು ತಲೆ ಎತ್ತುವವರೆಗೆ ಅವರು ತಿರುಗಲಿಲ್ಲ.

ತುಳಿಯದಿದ್ದರೆ ಸಾಕು ಎಂದಳು ಫರ್ಹಾನ. ಹೇಳಲು ಸುಲಭ. ಸಂಕಪ್ಪ ಮರುದಿನದಿಂದ ಕಾಲನ್ನು ಪಳಗಿಸಲು ಹೊರಟ. ಚಪ್ಪಲಿ ಬಿಟ್ಟು ನೋಡಿದ, ಪಾದವನ್ನು ಪೆಡಲಿನಿಂದ ದೂರ ಇಟ್ಟು ನೋಡಿದ, ಬಾಯಲ್ಲಿ ಬೇಡ ಬೇಡ ಎಂದು ಹೇಳಿಕೊಳ್ಳುತ್ತ ಬಂದು ನೋಡಿದ. ಕೈ ಹಣೆಗೆ ಹೋಯಿತೆಂದರೆ ಕಾಲು ಹುಡುಕಿಕೊಂಡು ಹೋಗಿ ತುಳಿಯುತ್ತಿತ್ತು. ನಮಸ್ಕಾರ ಮಾಡದೆ ದಾಟಿದರೆ ಕಾರು ನಿಲ್ಲುವುದಿಲ್ಲ, ನಿಜ. ಆದರೆ ಮದುಮಗಳನ್ನು ಕೂರಿಸಿಕೊಂಡು ಊರಿನ ದೈವಕ್ಕೆ ಕೈಮುಗಿಯದೆ ಹೋಗುವ ಧೈರ್ಯ ಅವನಿಗಿರಲಿಲ್ಲ. ಮದುವೆಯ ಹಿಂದಿನ ದಿನ ಫಿಯೆಟ್ಟಿಗೆ ಹೂ ಕಟ್ಟುತ್ತಿದ್ದಾಗಲೂ ಅವನ ಕಣ್ಣು ತನ್ನ ಬಲಗಾಲಿನ ಮೇಲೆಯೇ ಇತ್ತು. ನಿಂತದ್ದು ಕಾರಿನ ತಪ್ಪಿಗಲ್ಲ, ಇದೇ ಕಾರು ಹೋಗಲಿ ಎಂದು ಸೇಸಮ್ಮ ಮನೆಯಲ್ಲಿ ಹೇಳಿಯಾಗಿತ್ತು. ಆದರೂ ಮಗನ ದೊಡ್ಡ ಕಾರಿಗೂ ಒಂದು ಮಾಲೆ ಸುತ್ತಿಟ್ಟಿದ್ದರು, ಹಿಂದಿನಿಂದ ಬರಲಿ ಎಂದು.

ಬೆಳಿಗ್ಗೆ ಸಾತ್ವಿಕಾ ಬಂದು ಹಿಂದೆ ಕುಳಿತಳು, ಪಕ್ಕದಲ್ಲಿ ಶಶಿಪ್ರಭಾ. ಮಲ್ಲಿಗೆಯ ವಾಸನೆ ಕಾರಿನ ತುಂಬ ತುಂಬಿಕೊಂಡಿತು. ಎಷ್ಟೋ ದಿನದ ಮೇಲೆ ಕಾರು ತನ್ನ ಹಳೆಯ ವಾಸನೆಗೆ ಮರಳಿತ್ತು. ಮುಂದಿನ ಸೀಟಿನಲ್ಲಿ ಸೇಸಮ್ಮ ಹೊಸ ಬಳೆ ಗಲಗಲ ಎನ್ನಿಸುತ್ತ ಕುಳಿತರು. ಮಸ್ಕತ್ತಿನ ಮಾವನ ಕಾರು ಹಿಂದಿನಿಂದಲೇ ಬರುತ್ತಿತ್ತು. ಏರು ಶುರುವಾಯಿತು. ಸಂಕಪ್ಪ ಪೆಡಲು ಒತ್ತಿದ. ಕಾರ್ಬೊರೇಟರಿನ ಎರಡನೇ ಬಾಯಿ ತೆರೆದು ಎಂಜಿನ್ನು ಆಳವಾಗಿ ಉಸಿರೆಳೆದುಕೊಂಡಿತು, ಕಾರು ಸರಾಗ ಮೇಲೆ ಬಂತು. ಮರ ಕಂಡಿತು, ಕಟ್ಟೆ ಕಂಡಿತು, ಅಂಗಡಿಯ ಬೆಂಚಿನಲ್ಲಿ ಇದನ್ನು ನೋಡಲೆಂದೇ ಕುಳಿತವರೂ ಕಂಡರು.

"ಸಂಕಪ್ಪ," ಎಂದರು ಸೇಸಮ್ಮ, "ಎರಡೂ ಕೈ ಸ್ಟೇರಿಂಗಿನಲ್ಲಿ ಇರಲಿ. ನಿನ್ನದು ಕಾಲಿನ ಜವಾಬ್ದಾರಿ. ಕೈಯದ್ದು ನನಗೆ ಬಿಡು, ನಿನ್ನ ಪಾಲಿನದ್ದೂ ನಾನೇ ಮುಗೀತೇನೆ."

ಕಾರು ನಡಿಗೆಯ ವೇಗಕ್ಕೆ ಇಳಿಯಿತು. ಸಂಕಪ್ಪ ಎರಡೂ ಕೈಯಿಂದ ಸ್ಟೇರಿಂಗನ್ನು ಅಪ್ಪಿ ಹಿಡಿದ. ಪಕ್ಕದಲ್ಲಿ ಸೇಸಮ್ಮ ಒಮ್ಮೆ ಕೈಮುಗಿದು, ಇದು ಸಂಕಪ್ಪನದ್ದು ಎಂದು ಗಟ್ಟಿಯಾಗಿ ಹೇಳಿ ಇನ್ನೊಮ್ಮೆ ಮುಗಿದರು. ಕೈ ಎತ್ತದ ಕಾರಣ ಕಾಲಿಗೆ ಸುದ್ದಿ ಮುಟ್ಟಲಿಲ್ಲ. ಅದು ಇದ್ದಲ್ಲೇ ಇತ್ತು. ಎಂಜಿನ್ನು ಒಂದೇ ಸಮನೆ, ಆ ದಿನ ಚಾದ ಗ್ಲಾಸು ಹೊತ್ತು ನಿಂತ ಹಾಗೆಯೇ, ಮೆಲ್ಲಗೆ ಗುನುಗುತ್ತಿತ್ತು. ಕಟ್ಟೆ ಪಕ್ಕಕ್ಕೆ ಬಂತು, ಹಿಂದಕ್ಕೆ ಹೋಯಿತು.

ಆಗ ಹಿಂದಿನ ಸೀಟಿನಿಂದ, ಚಿನ್ನದ ಜುಮುಕಿ ಅಲುಗಿಸುತ್ತ, ಮದುಮಗಳು ಮೆಲುದನಿಯಲ್ಲಿ ಬ್ರುಂ, ಬ್ರುಂ, ಬ್ರುಂ ಎಂದಳು.

ಇದೆಂತ ಸಾತ್ವಿಕಾ, ಮದುವೆಯ ಹುಡುಗಿ ನೀನು ಎಂದು ಶಶಿಪ್ರಭಾ ಗದರಿದಳು, ಗದರುತ್ತಲೇ ನಕ್ಕಳು. ಸಂಕಪ್ಪನಿಗೆ ರಸ್ತೆ ಸ್ವಲ್ಪ ಹೊತ್ತು ಮಸುಕಾಗಿ ಕಂಡಿತು. ಗೇರು ಹಾಕಿ ಇಳಿಜಾರಿಗೆ ಬಿಟ್ಟ.

ಹಾಲಿನ ಬಾಗಿಲಿಗೆ ಕಾರು ಮುಟ್ಟಿದಾಗ ವಾದ್ಯ ಶುರುವಾಯಿತು. ಮಸ್ಕತ್ತಿನ ಮಾವ ಇಳಿದು ಬಂದು, ಫಿಯೆಟ್ಟಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ, ಊಟ ಆದ ಮೇಲೆ ನರಿಕೊಂಬಿಗೂ ಇದೇ ಕಾರು ಹೋಗಲಿ ಸಂಕಪ್ಪಣ್ಣ, ಹುಡುಗಿ ಬೇರೆಯದರಲ್ಲಿ ಹತ್ತಲಿಕ್ಕಿಲ್ಲ ಎಂದ. ತನ್ನ ಕಾರಿಗೆ ಸುತ್ತಿದ್ದ ಮಾಲೆಯನ್ನು ಬಿಚ್ಚಿ ತಾನೇ ಇದಕ್ಕೆ ಕಟ್ಟಿದ.

ಮದುಮಕ್ಕಳನ್ನು ನರಿಕೊಂಬಿನಲ್ಲಿ ಇಳಿಸಿ, ಬಿ.ಸಿ.ರೋಡಿನಲ್ಲಿ ಫರ್ಹಾನಳಿಗೆ ಮದುವೆಯ ಸಿಹಿತಿಂಡಿಯ ಪೊಟ್ಟಣ ಕೊಟ್ಟು, ಸಂಕಪ್ಪ ಒಬ್ಬನೇ ಮರಳಿ ಬಂದ. ಬಿಸಿಲು ಇಳಿದಿತ್ತು. ಕಟ್ಟೆಯ ಹತ್ತಿರ ಕಾರನ್ನು ಬದಿಗೆ ತಂದು ಎಂಜಿನ್ನು ಆರಿಸಿದ. ಈ ಸಲ ತಾನಾಗಿಯೇ ನಿಲ್ಲಿಸಿದ್ದು. ಇಳಿದು, ಚಪ್ಪಲಿ ಬಿಟ್ಟು, ಮರದ ಕೆಳಗೆ ನಿಂತು ಬೆಳಿಗ್ಗೆ ಬಾಕಿ ಉಳಿದಿದ್ದ ನಮಸ್ಕಾರಕ್ಕೆ ಕೈಯೆತ್ತಿದ. ಕೈ ಎದೆಯನ್ನು ದಾಟಿ ಹಣೆಗೆ ಹೋದಾಗ ಬಲಗಾಲು ತರಗೆಲೆಯ ಮೇಲೆ ಮೆಲ್ಲಗೆ ಮೂರು ಸಲ ತುಳಿಯಿತು. ಸಂಕಪ್ಪ ಕೆಳಗೆ ನೋಡಿದ. ಬೈಯಲಿಲ್ಲ.